ದೊಡ್ಡಪ್ಪನ ಕೈಗೆ ಸಿಕ್ಕ ಒಟಿಪಿ

ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಕೊನೇ ಸೀಟಲ್ಲಿ ಕೂತಿದ್ದೇನೆ. ಒಂದೊಂದು ಗುಂಡಿಗೂ ಬೆನ್ನುಮೂಳೆ ಲೆಕ್ಕ ಒಪ್ಪಿಸುತ್ತಿದೆ. ಶಿವಮೊಗ್ಗದಿಂದ ರೈಲಲ್ಲಿ ಹಾಯಾಗಿ ಮಲಗಿ ಹೋಗಬೇಕಿತ್ತು. ಆಗಲಿಲ್ಲ. ಕಾರಣ, 142857.

ನಮ್ಮ ಕಡೆ ಮನೆಗಳ ಕಥೆ ಗೊತ್ತಲ್ವಾ? ಒಳಗೆ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಮೆಸೇಜ್ ಬೇಕಂದ್ರೆ ಫೋನು ಅಂಗಳ ದಾಟಿ ಹಲಸಿನ ಮರದ ಬುಡಕ್ಕೆ ಹೋಗಬೇಕು. ನಿನ್ನೆ 11 ಗಂಟೆಗೆ ತತ್ಕಾಲ್. ನಾನು ಲ್ಯಾಪ್‌ಟಾಪ್ ಮುಂದೆ. ಫೋನು ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ದೊಡ್ಡಪ್ಪ ಮರದಡಿ. ಒಟಿಪಿ ಬಂದರೆ ಕೂಗಿ ಹೇಳೋದು, ಅಷ್ಟೇ ಕೆಲಸ. ಅವರು ಮೂವತ್ತು ವರ್ಷ ಗಣಿತ ಮೇಷ್ಟ್ರಾಗಿದ್ದವರು ಅನ್ನೋದು ಮರೆತೇಹೋಗಿತ್ತು.

"ಬಂತಾ ದೊಡ್ಡಪ್ಪಾ?"

"ಬಂತು! ಅಯ್ಯೋ ಮಾರಾಯ, ಎಂಥಾ ನಂಬರೋ ಇದು!"

"ನಂಬರ್ ಹೇಳಿ!"

"ಒಂದನ್ನ ಏಳರಿಂದ ಭಾಗಿಸು. ದಶಾಂಶದ ಆಚೆ ಇದೇ ಇದೆ!"

ಪರದೆ ಮೇಲೆ ಸೆಕೆಂಡುಗಳು ಇಳಿಯುತ್ತಿವೆ. ಜಡಿಮಳೆಯಲ್ಲಿ ಪಾಠ ಏರುತ್ತಿದೆ. "ಎರಡರಿಂದ ಗುಣಿಸಿದ್ರೆ 285714. ಮೂರರಿಂದ 428571. ಅವೇ ಅಂಕಿ ಕಣೋ, ಸುತ್ತು ಹಾಕ್ತವೆ! ಆರರವರೆಗೂ ಹೀಗೇ. ಏಳರಿಂದ ಗುಣಿಸು, ಬರೀ ಒಂಬತ್ತು!"

ಗಾಬರಿಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಒತ್ತಿದೆ. 285714, ತಪ್ಪು. 428571, ತಪ್ಪು. ಅತ್ತ ದೊಡ್ಡಪ್ಪ ವರ್ಗಕ್ಕೆ ಕೈಹಾಕಿದ್ದರು. "20408122449! ಇದನ್ನ 20408, 122449 ಅಂತ ಎರಡು ತುಂಡು ಮಾಡಿ ಕೂಡಿಸು. ತಿರುಗಿ ಇದೇ! ಕಾಪ್ರೇಕರ್ ಸಂಖ್ಯೆ!"

ಟೈಮ್ ಮುಗಿಯಿತು.

ಕಾಪ್ರೇಕರ್ ನಾಸಿಕ್ ಹತ್ತಿರದ ದೇವಳಾಲಿಯ ಶಾಲೆ ಮೇಷ್ಟ್ರು. ಅಂಕಿಗಳನ್ನೆಲ್ಲ ಕೂಡಿಸಿ, ಆ ಮೊತ್ತದಿಂದ ಸಂಖ್ಯೆ ಪೂರ್ತಿ ಭಾಗ ಹೋದರೆ ಅದಕ್ಕೆ ಹರ್ಷದ್ ಅಂತ ಹೆಸರಿಟ್ಟವರು ಅವರೇ. ಖುಷಿ ಕೊಡುವಂಥದ್ದು ಅಂತ ಅರ್ಥ. ಚಿಕ್ಕವನಿದ್ದಾಗ ಶಿವಮೊಗ್ಗ ಬಸ್ಸಲ್ಲಿ ದೊಡ್ಡಪ್ಪ ಟಿಕೆಟ್ ನನ್ನ ಕೈಗೆ ಕೊಟ್ಟು, "ಕೂಡಿಸೋ" ಅನ್ನುತ್ತಿದ್ದರು. ಭಾಗ ಹೋದರೆ ಇಳಿದ ಮೇಲೆ ಕಡ್ಲೆಮಿಠಾಯಿ. ಅವರ ಶಾಲೆಗೆ ಈಗ ಬೀಗ. ಸೇರೋಕೆ ಮಕ್ಕಳೇ ಇಲ್ಲ. ಈ 142857 ಕೂಡ ಹರ್ಷದ್. ಮೊತ್ತ 27, ಭಾಗಿಸಿದರೆ ಸರಿಯಾಗಿ 5291. ನಿನ್ನೆ ನನಗಂತೂ ಖುಷಿಯಾಗಲಿಲ್ಲ.

ಎರಡನೇ ಒಟಿಪಿ ಬಂತು. ಮರದಡಿಯಿಂದ ಸದ್ದೇ ಇಲ್ಲ. ಆಮೇಲೆ, "ಮೂರರಿಂದ ಹೋಗಲ್ಲ. ಏಳರಿಂದಲೂ ಹೋಗಲ್ಲ. ಅವಿಭಾಜ್ಯ ಇರ್ಬೇಕು, ತಡಿ!"

ತಡೆದೆ. ಸೀಟು ತಡೆಯಲಿಲ್ಲ.

ಇವತ್ತು ಸಂಜೆ ಬಸ್ ಹತ್ತುವಾಗ ದೊಡ್ಡಪ್ಪ ಕೊಡೆ ಹಿಡಿದು ಓಡಿಬಂದರು. ಕಾಲಲ್ಲಿ ಉಂಬಳ ಕಚ್ಚಿದ ರಕ್ತ. ಕೈಯಲ್ಲೊಂದು ಮದುವೆ ಕಾಗದ, ಅದರ ಹಿಂದೆಲ್ಲ ಪೆನ್ಸಿಲ್ ಲೆಕ್ಕ.

"988027, ಅವಿಭಾಜ್ಯ ಅಲ್ಲ ಕಣೋ! 991 ಗುಣಿಸು 997!"

ಸಾವಿರದೊಳಗೆ ಅವಿಭಾಜ್ಯ ಸಂಖ್ಯೆಗಳು 168. ಇವು ಕಟ್ಟಕಡೆಯ ಎರಡು. ಅಂದರೆ ಪುಣ್ಯಾತ್ಮ ಉಳಿದ 166ರಿಂದಲೂ ಭಾಗಿಸಿ ನೋಡಿದ್ದಾರೆ.

"ಈಗ ಹಾಕಿ ನೋಡು," ಅಂದರು.