ಪಾಲಿಗೆ ಬಂದದ್ದು ಪಿಂಗಾಣಿ

ಅಜ್ಜಿಯ ವರ್ಷಾಬ್ದಿಕ ಮುಗಿದ ಮರುದಿನ ಮೈಸೂರಿನ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿ ನಾವೆಲ್ಲ ಪಾಲಿಗೆ ಕುಳಿತೆವು. ಸೋದರತ್ತೆಯವರು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನು ವಿಷ್ಣು ಸಹಸ್ರನಾಮಕ್ಕಿಂತ ಶುದ್ಧವಾದ ಉಚ್ಚಾರಣೆಯಲ್ಲಿ ಒಪ್ಪಿಸಿದರು. ಚಿಕ್ಕಪ್ಪನವರು ಹಿತ್ತಲಿನ ತೆಂಗಿನಮರಗಳನ್ನು ಎಣಿಸಿ ಬಂದು, ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಲು ಹೋದರು. ನಿವೇಶನದಿಂದ ಹಿಡಿದು ತುಕ್ಕು ಹಿಡಿದ ಈಳಿಗೆಮಣೆಯವರೆಗೆ ಎಲ್ಲಕ್ಕೂ ಹಕ್ಕುದಾರರಿದ್ದರು. ಒಂದೇ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ನಮ್ಮ ವಂಶದಲ್ಲಿ ಹಿಂದೆಂದೂ ಕಾಣದಿದ್ದ ತ್ಯಾಗಬುದ್ಧಿ ಉಕ್ಕಿ ಹರಿಯಿತು. ಅದು ಬೀರುವಿನಲ್ಲಿದ್ದ ಜರ್ಮನಿ ಬೊಂಬೆ.

ದಸರೆಯಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ, ಬೇಳೆ-ಕಾಳಿನ ಅಂಗಡಿ ಇಟ್ಟುಕೊಂಡ ಶೆಟ್ಟಿ-ಶೆಟ್ಟಿತಿಯರ ಪಕ್ಕ ಕೂರುತ್ತಿದ್ದ ಈ ಪಿಂಗಾಣಿ ಹುಡುಗಿಗೆ ಭೂತ ಮೆಟ್ಟಿಕೊಂಡಿದೆ ಎಂಬುದು ಮನೆಯವರ ಸರ್ವಾನುಮತದ ತೀರ್ಮಾನ. ಎತ್ತಿದರೆ ಕಣ್ಣು ಬಿಡುತ್ತದೆ, ವರ್ಷದಿಂದ ವರ್ಷಕ್ಕೆ ತಲೆ ವಾಲಿಸುತ್ತದೆ, ತಲೆಯೊಳಗೆ ಗಟಗಟ ಎನ್ನುತ್ತದೆ. ಚಿಕ್ಕಪ್ಪನಿಗೆ ಬಡ್ತಿ ತಪ್ಪಿದ್ದೂ ಭಾವನವರ ಷೇರು ಮುಳುಗಿದ್ದೂ ಅದರ ಲೆಕ್ಕಕ್ಕೇ ಸೇರಿದ್ದವು. ಅಜ್ಜಿಯ ಕಾಸಿನ ಸರವೂ ಅದೇ ಬೀರುವಿನ ಅದೇ ಅರೆಯಲ್ಲಿ, ಬೊಂಬೆಯ ಪಾದದ ಬುಡದಲ್ಲೇ ಅಷ್ಟೂ ವರ್ಷ ಇತ್ತು. ಅದಕ್ಕೆ ಭೂತದ ಗಾಳಿಯೂ ಸೋಕಿರಲಿಲ್ಲವೆಂದು ಸೋದರತ್ತೆಯವರು ಕೊರಳಿಗೆ ಹಾಕಿಕೊಂಡು ನೋಡಿ ಖಚಿತಪಡಿಸಿದರು. ಮೈಸೂರಿನ ಭೂತಗಳಿಗೆ ಚಿನ್ನದ ದರ ಗೊತ್ತಿರುತ್ತದೆ.

ಹೀಗೆ ಎಲ್ಲರೂ ಕೈತೊಳೆದುಕೊಂಡ ಬೊಂಬೆ ನನ್ನ ಪಾಲಿಗೆ ಬಂತು. ಅಂದು ರಾತ್ರಿಯೇ ಅದರ ಕೂದಲಿನ ಟೋಪನ್ನು ಮೆಲ್ಲಗೆ ಬಿಡಿಸಿ ಟಾರ್ಚ್ ಹಿಡಿದು ನೋಡಿದೆ. ಗಾಜಿನ ಕಣ್ಣುಗಳ ಹಿಂದೆ ಸೀಸದ ಗುಂಡೊಂದು ತೂಗುತ್ತಿತ್ತು; ಮಲಗಿಸಿದರೆ ಅದು ರೆಪ್ಪೆ ಮುಚ್ಚಿಸುತ್ತದೆ, ಎತ್ತಿದರೆ ತೆರೆಸುತ್ತದೆ. ತಲೆ ಮತ್ತು ಕೈಕಾಲುಗಳನ್ನು ಒಳಗಿನಿಂದ ಬಿಗಿದಿಟ್ಟಿದ್ದ ರಬ್ಬರ್ ದಾರ ಹಳತಾಗಿ ಸಡಿಲಗೊಂಡಿತ್ತು, ಕಣ್ಣು ಕೂರಿಸಿದ ಪ್ಲಾಸ್ಟರಿನ ಚೂರೊಂದು ಕಳಚಿ ಬುರುಡೆಯಲ್ಲಿ ಉರುಳಾಡುತ್ತಿತ್ತು. ಕತ್ತಿನ ಹಿಂದೆ ‘ಜರ್ಮನಿ’ ಎಂಬ ಅಚ್ಚು ಇತ್ತು. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ಜರ್ಮನಿಯ ಕಾರ್ಖಾನೆಗಳಿಗೆ ರೂಢಿಯಾದ ಅಚ್ಚು ಅದು. ಇಷ್ಟನ್ನೂ ಬೆಳಗಿನ ಕಾಫಿಯ ಹೊತ್ತಿಗೆ ಸವಿಸ್ತಾರವಾಗಿ ವಿವರಿಸಿದೆ. ದೊಡ್ಡಮ್ಮ ತಾಳ್ಮೆಯಿಂದ ಕೇಳಿ, “ಸೀಸ ಇರಬಹುದಪ್ಪ, ಆ ಸೀಸವನ್ನು ಅಲ್ಲಾಡಿಸುವವರು ಯಾರು?” ಎಂದರು. ಎದುರಿನ ಅರ್ಧ ಕಟ್ಟಿದ ಮನೆಗೆ ಕಟ್ಟಿದ್ದ, ಕೋರೆಹಲ್ಲು ತೆರೆದು ನಾಲಗೆ ಚಾಚಿದ ದೃಷ್ಟಿಬೊಂಬೆ ನಮ್ಮ ಕಿಟಕಿಯನ್ನೇ ನೋಡುತ್ತಿತ್ತು. ಅದರ ಬಗ್ಗೆ ಯಾರಿಗೂ ಭಯವಿರಲಿಲ್ಲ.

ಪರಿಸ್ಥಿತಿ ಕೆಟ್ಟದ್ದು ಸೋದರತ್ತೆಯವರ ಮಗ ಮೊಬೈಲು ಹಿಡಿದು ಬಂದಾಗ. ಅಮೆರಿಕದ ಕೀ ವೆಸ್ಟ್‌ನಲ್ಲಿ ರಾಬರ್ಟ್ ಎಂಬ ನಾವಿಕನ ಉಡುಪಿನ ಬಟ್ಟೆಬೊಂಬೆಯೊಂದಿದೆ. 1904ರ ಸುಮಾರಿಗೆ ಒಬ್ಬ ಬಾಲಕನ ಕೈಸೇರಿದ ಅದು 1994ರಲ್ಲಿ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಹೋಯಿತು. ಅನುಮತಿ ಕೇಳದೆ ಅದರ ಫೋಟೋ ತೆಗೆದವರು ಊರಿಗೆ ಮರಳಿ, ಕಾಲು ಮುರಿದುಕೊಂಡೋ ಕೆಲಸ ಕಳೆದುಕೊಂಡೋ ಅದಕ್ಕೆ ಕ್ಷಮಾಪಣೆಯ ಪತ್ರ ಬರೆಯುತ್ತಾರೆ. ಆನ್‌ಲೈನಿನಲ್ಲಿಯೂ ಭೂತದ ಬೊಂಬೆಗಳ ವ್ಯಾಪಾರವುಂಟು. ಮಾಟ, ಶಾಪ, ಆಶೀರ್ವಾದಗಳಂಥ ಕೈಗೆ ಸಿಗದ ಸರಕುಗಳನ್ನು ಇಬೇ ಎಂಬ ಮಾರಾಟದ ಜಾಲತಾಣ 2012ರಲ್ಲಿ ನಿಷೇಧಿಸಿದ್ದರಿಂದ, ಮಾರಾಟವಾಗಬೇಕಾದ ಭೂತಕ್ಕೆ ಒಂದು ದೇಹ ಕಡ್ಡಾಯವಾಯಿತು, ಅಷ್ಟೇ.

ಪಾಲುಪಟ್ಟಿ ಇನ್ನೂ ನೋಂದಣಿಯಾಗಿರಲಿಲ್ಲ. ಜಮಖಾನ ಮತ್ತೆ ಹಾಸಲ್ಪಟ್ಟಿತು. ಬೊಂಬೆ ನನಗೆ ಬಂದದ್ದು ಸರಿಯೆಂದೂ, ಆದರೆ ಅದರೊಳಗಿನ ಭೂತವು ಪಿತ್ರಾರ್ಜಿತವಾದ್ದರಿಂದ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆಯೆಂದೂ ಸೋದರತ್ತೆಯವರು ವಾದಿಸಿದರು. ಬಡ್ತಿ ತಪ್ಪಿದ ನಷ್ಟವನ್ನು ತಾವೊಬ್ಬರೇ ಅನುಭವಿಸಿರುವುದರಿಂದ ತಮಗೆ ಹೆಚ್ಚುವರಿ ಪಾಲು ಸಲ್ಲಬೇಕೆಂದು ಚಿಕ್ಕಪ್ಪನವರು ಕೇಳಿದರು. ರಬ್ಬರ್ ದಾರ ಬದಲಿಸಿ ತಲೆಯನ್ನು ನೆಟ್ಟಗೆ ಮಾಡುತ್ತೇನೆಂದು ನಾನು ಹೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ಎದ್ದು ನಿಂತರು.

“ಮುಟ್ಟಬೇಡ, ಬೆಲೆ ಹೋಗುತ್ತದೆ!” ಎಂದು ದೊಡ್ಡಮ್ಮನೇ ಕೂಗಿದರು.

ತೀರ್ಮಾನವಾಗುವವರೆಗೆ ಬೊಂಬೆಯನ್ನು ಬ್ಯಾಂಕಿನ ಲಾಕರಿನಲ್ಲಿ, ಕಾಸಿನ ಸರದ ಪಕ್ಕದಲ್ಲೇ ಇಡಲಾಗಿದೆ. ಲಾಕರು ಚಿಕ್ಕದಾದ್ದರಿಂದ ಮಲಗಿಸಬೇಕಾಯಿತು. ಸದ್ಯಕ್ಕೆ ಕಣ್ಣು ಮುಚ್ಚಿಕೊಂಡಿರಬೇಕು.