ಪಿಸಿಒಎಸ್ ಅಂದರೆ ಬರೀ ಮಗುವಿನ ಪ್ರಶ್ನೆಯಲ್ಲ

ನಿನ್ನೆ ಅಕ್ಕನ ಮಗಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಇನ್ನೂ ಇಪ್ಪತ್ತೆರಡು ವರ್ಷ ಅವಳಿಗೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಗಲ್ಲದಲ್ಲಿ ದಪ್ಪ ಕೂದಲು ಬರುತ್ತಿದೆ, ತಲೆಕೂದಲು ಉದುರುತ್ತಿದೆ. ಸ್ಕ್ಯಾನಿಂಗ್ ರಿಪೋರ್ಟ್ ಮೇಲೆ ಕಣ್ಣಾಡಿಸಿ ಡಾಕ್ಟರ್ ಹೇಳಿದ್ದಿಷ್ಟೇ: "ಪಿಸಿಒಎಸ್ ಇದೆ. ತೂಕ ಇಳಿಸು. ಮಗು ಬೇಕು ಅನ್ನಿಸಿದಾಗ ಬಾ, ಆಗ ನೋಡೋಣ." ಪಿಸಿಒಎಸ್ ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹೆಂಗಸರಲ್ಲಿ ಹಾರ್ಮೋನು ಏರುಪೇರಾಗಿ ಬರುವ ತೊಂದರೆ. ಬಿಪಿ ನೋಡಲಿಲ್ಲ. ಒಂದು ಶುಗರ್ ಟೆಸ್ಟ್ ಕೂಡ ಬರೆದುಕೊಡಲಿಲ್ಲ. ಹೊರಗೆ ಬಂದ ಮೇಲೆ ಅವಳು ಮೆತ್ತಗೆ ಕೇಳಿದಳು, "ಚಿಕ್ಕಮ್ಮಾ, ಅಲ್ಲಿಯವರೆಗೆ ನಾನೇನು ಮಾಡಲಿ?"

ನನಗೂ ಪಿಸಿಒಎಸ್ ಇದೆ, ನಿಮ್ಮಲ್ಲಿ ಹಲವರಿಗೆ ಅದು ಗೊತ್ತಿರುವುದೇ. ಅವಳ ವಯಸ್ಸಿನಲ್ಲಿ ನನಗೂ ಇದೇ ಮಾತು ಹೇಳಿ ಕಳಿಸಿದ್ದರು. ಇಷ್ಟು ವರ್ಷ ಕಳೆದರೂ ಅದೇ ಮಾತು ಕೇಳಬೇಕಲ್ಲ ಅನ್ನುವುದೇ ನನ್ನ ಸಿಟ್ಟು. ಮಗು ಬೇಕಾದಾಗ ಬಾ ಅಂದರೆ ಏನರ್ಥ? ಅಲ್ಲಿಯವರೆಗೆ ಈ ದೇಹಕ್ಕೆ ಬೇರೆ ಕೆಲಸವೇ ಇಲ್ಲವಾ?

ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಕಾಣುತ್ತವಲ್ಲ, ಅವು ಗೆಡ್ಡೆಗಳಲ್ಲ. ಅಂಡಾಣು ಬೆಳೆಯುವ ಸಣ್ಣ ಚೀಲಗಳು, ಅರ್ಧಕ್ಕೇ ಬೆಳವಣಿಗೆ ನಿಂತಂಥವು. ತೊಂದರೆ ಇರುವುದು ಹಾರ್ಮೋನುಗಳಲ್ಲಿ. ತುಂಬಾ ಜನರಲ್ಲಿ ಇದಕ್ಕೆ ಇನ್ಸುಲಿನ್ ನಂಟಿದೆ. ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ, ಹಾಗಾಗಿ ಇನ್ನೂ ಜಾಸ್ತಿ ಇನ್ಸುಲಿನ್ ತಯಾರಾಗುತ್ತದೆ. ಅದು ಅಂಡಾಶಯದಿಂದ ಟೆಸ್ಟೋಸ್ಟೆರಾನ್‌ನಂಥ, ಗಂಡಸರಲ್ಲಿ ಜಾಸ್ತಿ ಇರುವ ಹಾರ್ಮೋನುಗಳನ್ನು (ಇವಕ್ಕೆ ಆಂಡ್ರೊಜೆನ್ ಅನ್ನುತ್ತಾರೆ) ಹೆಚ್ಚು ಮಾಡಿಸುತ್ತದೆ. ಟೆಸ್ಟೋಸ್ಟೆರಾನ್ ಅನ್ನು ರಕ್ತದಲ್ಲಿ ಹಿಡಿದಿಡುವ ಒಂದು ಪ್ರೋಟೀನ್ ಲಿವರ್‌ನಲ್ಲಿ ತಯಾರಾಗುತ್ತದೆ, ಅದೂ ಕಡಿಮೆಯಾಗುತ್ತದೆ. ಮೊಡವೆ, ಗಲ್ಲದ ಕೂದಲು, ತಪ್ಪಿದ ಮುಟ್ಟು ಎಲ್ಲಕ್ಕೂ ಇಲ್ಲಿಂದ ದಾರಿ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗುವುದೂ ಇನ್ಸುಲಿನ್‌ನದೇ ಗುರುತು. ಅದನ್ನು ಕೊಳೆ ಅಂದುಕೊಂಡು ಉಜ್ಜಿ ಉಜ್ಜಿ ಗಾಯ ಮಾಡಿಕೊಂಡ ಹುಡುಗಿಯರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಇನ್ನು ತಿಂಗಳುಗಟ್ಟಲೆ ಮುಟ್ಟು ಬರದೇ ಇರುವುದನ್ನು "ಒಳ್ಳೆಯದೇ ಆಯಿತು ಬಿಡು" ಅನ್ನುವವರಿದ್ದಾರೆ. ಒಳ್ಳೆಯದಲ್ಲ. ಅಂಡಾಣು ಬಿಡುಗಡೆಯಾಗದಿದ್ದರೆ, ಅದರ ನಂತರ ತಯಾರಾಗಬೇಕಾದ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಇರುವುದಿಲ್ಲ. ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಲೇ ಹೋಗುತ್ತದೆ. ಹೀಗೇ ವರ್ಷಗಟ್ಟಲೆ ಬಿಟ್ಟರೆ ಆ ಪದರದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ತೊಂಬತ್ತು ದಿನ ದಾಟಿದರೂ ಮುಟ್ಟು ಬರದಿದ್ದರೆ ಅದಕ್ಕೆ ಮಾತ್ರೆಗಳಿವೆ. ಮಗು ಬೇಕೋ ಬೇಡವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈ ಮಗುವಿನ ಗುಂಗು ಹಳೆಯದು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಅನ್ನುವ ಡಾಕ್ಟರ್‌ಗಳು ಏಳು ಹೆಂಗಸರ ಬಗ್ಗೆ ಬರೆದರು. ಅಂಡಾಶಯದ ಒಂದು ಭಾಗ ಕತ್ತರಿಸಿ ತೆಗೆದಾಗ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಆವತ್ತು ಇನ್ಸುಲಿನ್ ನಂಟು ಯಾರಿಗೂ ಗೊತ್ತಿರಲಿಲ್ಲ, ಸರಿ. ಇವತ್ತು ಗೊತ್ತಿದೆಯಲ್ಲ! ಸ್ಕ್ಯಾನಿಂಗ್ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಅಂತ 2003ರಲ್ಲೇ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಹೇಳಿದ್ದಾರೆ. ಏರುಪೇರಾದ ಮುಟ್ಟು, ಹೆಚ್ಚಾದ ಆಂಡ್ರೊಜೆನ್, ಸ್ಕ್ಯಾನಿಂಗ್‌ನ ಚಿತ್ರ, ಈ ಮೂರರಲ್ಲಿ ಎರಡು ಇರಬೇಕು. ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ತೊಂದರೆ ಅಲ್ಲ ಅಂತಲೂ ಖಾತ್ರಿಯಾಗಬೇಕು. ನಮ್ಮ ಹುಡುಗಿಗೆ ಥೈರಾಯ್ಡ್ ಟೆಸ್ಟ್ ಹೇಳಿದವರೇ ಇಲ್ಲ.

"ತೂಕ ಇಳಿಸು ಅಂದಿದ್ದರಲ್ಲಿ ತಪ್ಪೇನಿದೆ?" ಅಂತ ಗೆಳತಿಯೊಬ್ಬಳು ಕೇಳಿದಳು. ತೂಕ ಜಾಸ್ತಿ ಇರುವವರಿಗೆ ನೂರಕ್ಕೆ ಐದು ಭಾಗ ಇಳಿದರೂ ಮುಟ್ಟು ಸುಧಾರಿಸಬಹುದು, ನಿಜ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಾಭವಿದೆ, ಅದೂ ನಿಜ. ಆದರೆ ಸಣ್ಣಗೆ ಕಡ್ಡಿಯಂತಿರುವ ಹೆಂಗಸರಿಗೂ ಪಿಸಿಒಎಸ್ ಬರುತ್ತದೆ. ಅವರಿಗೆ ಏನು ಇಳಿಸು ಅಂತ ಹೇಳುತ್ತೀರಿ? ತೂಕ ಇಳಿಯುವವರೆಗೆ ಶುಗರ್ ನೋಡಬಾರದು ಅಂತ ಯಾವ ಪುಸ್ತಕದಲ್ಲಿದೆ? ಡಾಕ್ಟರ್‌ಗೆ ಪುರುಸೊತ್ತಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಚೀಟಿಯಲ್ಲಿ ನಾಲ್ಕು ಟೆಸ್ಟ್ ಬರೆಯಲು ಎಷ್ಟು ಹೊತ್ತು ಬೇಕು?

ಮಗು ಬೇಕು ಅಂತ ಕಾಯುವವರ ನೋವು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ, ಬಹಳ ಜನಕ್ಕೆ ಮಕ್ಕಳಾಗಿವೆ. ಆದರೆ ಮಕ್ಕಳಾದ ಮಾತ್ರಕ್ಕೆ ಇದು ಬಿಟ್ಟುಹೋಗುವುದಿಲ್ಲ. ಡಯಾಬಿಟಿಸ್ ಅಪಾಯ ಹಾಗೇ ಉಳಿಯುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಪಿಸಿಒಎಸ್ ಇರುವವರಲ್ಲಿ ಜಾಸ್ತಿ.

ಮನಸ್ಸಿನ ವಿಷಯ ಹೇಳಲೇಬೇಕು. ಖಿನ್ನತೆ, ಆತಂಕ ಇದೆಯಾ ಅಂತ ಪಿಸಿಒಎಸ್ ಇರುವ ಪ್ರತಿ ಹೆಂಗಸನ್ನೂ ಕೇಳಬೇಕು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನನ್ನನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ. ಈಗಲೂ ಬೆಳಿಗ್ಗೆ ಎಚ್ಚರವಾದ ಕೂಡಲೇ ನನ್ನ ಕೈ ಗಲ್ಲ ಸವರುತ್ತದೆ. ಯಾರಾದರೂ ಹತ್ತಿರ ಬಂದು ಮಾತಾಡಿದರೆ ಮುಖ ತಿರುಗಿಸಿಕೊಳ್ಳುತ್ತೇನೆ. ಇದನ್ನು ಅಕ್ಕನ ಹತ್ತಿರವೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಪ್ರತಿ ನೂರು ಹೆಂಗಸರಲ್ಲಿ 10ರಿಂದ 13 ಜನಕ್ಕೆ ಇದು ಇದೆ. ಇರುವವರಲ್ಲೂ 70%ವರೆಗಿನ ಜನಕ್ಕೆ ತಮಗಿದೆ ಅನ್ನುವುದೇ ತಿಳಿದಿರಲಿಕ್ಕಿಲ್ಲ. ನನ್ನ ಫ್ರೆಂಡ್ ಲಿಸ್ಟ್‌ನಲ್ಲೇ ಎಷ್ಟೋ ಜನ ಇರುತ್ತೀರಿ. ಪಿಸಿಒಎಸ್ ಇರುವವರು ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್, ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು. ಕೊನೆಯ ಸಲ ನೋಡಿಸಿದ್ದು ಯಾವಾಗ ಅಂತ ನೆನಪಾಗದಿದ್ದರೆ ಈ ವಾರವೇ ಹೋಗಿ. ಬರೆದುಕೊಡದಿದ್ದರೆ ಬಾಯಿ ಬಿಟ್ಟು ಕೇಳಿ.