ಕಡಲೆಂಬ ಫಲಾನುಭವಿ

ಸರ್ಕಾರದ ಯೋಜನೆಗಳು ಅರ್ಹರನ್ನು ತಲುಪುವುದೇ ಇಲ್ಲವೆಂದು ಗೊಣಗುವವರು ಮಳೆಗಾಲದಲ್ಲಿ ಒಮ್ಮೆ ಉಳ್ಳಾಲದಿಂದ ಮರವಂತೆಯವರೆಗೆ ಕಡಲತಡಿಯಲ್ಲಿ ಸುತ್ತಾಡಿ ಬರಬೇಕು. ಆಧಾರ್ ಇಲ್ಲದ, ಪಡಿತರ ಚೀಟಿ ಇಲ್ಲದ, ಬ್ಯಾಂಕಿನಲ್ಲಿ ಖಾತೆ ತೆರೆಯದ, ಒಂದು ಸಾಲಿನ ಅರ್ಜಿಯನ್ನೂ ಬರೆದುಕೊಡದ ಫಲಾನುಭವಿಯೊಬ್ಬನ ಮನೆಬಾಗಿಲಿಗೆ ಟಿಪ್ಪರುಗಟ್ಟಲೆ ಕಲ್ಲು ಬಂದು ಬೀಳುವುದನ್ನು ಅವರು ಅಲ್ಲಿ ಕಣ್ಣಾರೆ ಕಾಣಬಹುದು. ಆ ಭಾಗ್ಯಶಾಲಿಯ ಹೆಸರು ಅರಬ್ಬಿ ಸಮುದ್ರ.

ಕಡಲ್ಕೊರೆತ ತಡೆಯಲೆಂದು ದಂಡೆಯಲ್ಲಿ ಕಲ್ಲಿನ ಗೋಡೆ ಪೇರಿಸುವ ಈ ಯೋಜನೆಯ ಸೊಗಸೆಲ್ಲ ಅದರ ಪಂಚಾಂಗದಲ್ಲಿದೆ. ಫೆಬ್ರವರಿಯಲ್ಲಿ ಕಡಲು ತಣ್ಣಗಿರುವಾಗ ಕೊರೆತದ ಮಾತೆತ್ತುವುದು ಅಪಶಕುನವಾದ್ದರಿಂದ ಯಾರೂ ಎತ್ತುವುದಿಲ್ಲ. ತೆಂಗಿನಮರದ ಬುಡಕ್ಕೆ ಅಲೆ ತಾಗಿದ ಮೇಲೆ ಕಾಮಗಾರಿಗೆ ‘ತುರ್ತು’ ಎಂಬ ವಿಶೇಷಣ ಸೇರುತ್ತದೆ, ಆ ವಿಶೇಷಣದ ಬಲದಿಂದ ಅಧ್ಯಯನ, ಚರ್ಚೆ, ಊರವರ ಅಭಿಪ್ರಾಯ ಮುಂತಾದ ನಿಧಾನದ ಸಂಗತಿಗಳೆಲ್ಲ ಅನಾವಶ್ಯಕವಾಗಿಬಿಡುತ್ತವೆ. ಬೆಟ್ಟ ಅಗೆದು ಇಲಿ ಹಿಡಿದವರು ನಮ್ಮ ಹಿರಿಯರು. ನಾವಾದರೋ ಬೆಟ್ಟ ಅಗೆದು, ಆ ಬೆಟ್ಟವನ್ನೇ ಕಡಲಿಗೆ ಹಾಕಿ, ಇಲಿಯನ್ನು ಮುಂದಿನ ವರ್ಷದ ಅಂದಾಜುಪಟ್ಟಿಗೆ ಕಾಯ್ದಿರಿಸುತ್ತೇವೆ. ರಸ್ತೆಗೆ ಹಾಕಿದ ಡಾಂಬರು ಕಿತ್ತುಹೋದರೆ ಗುಂಡಿಯಾದರೂ ಸಾಕ್ಷಿ ಹೇಳುತ್ತದೆ. ಇಲ್ಲಿ ಅಳತೆ ಪುಸ್ತಕದಲ್ಲಿರುವ ಕಲ್ಲು ಎಲ್ಲಿದೆಯೆಂದು ಯಾರಾದರೂ ಕೇಳಿದರೆ ಪಡುವಣಕ್ಕೆ ಕೈ ತೋರಿಸಿದರಾಯಿತು.

ಗೋಡೆಗೆ ಬಡಿದ ಅಲೆ ಬರಿಗೈಯಲ್ಲಿ ಮರಳುವುದಿಲ್ಲ. ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ಹಿತ್ತಿಲನ್ನು ಕೊರೆಯತೊಡಗುತ್ತದೆ. ಆಗ ಪಕ್ಕದವರೂ ಗೋಡೆ ಕೇಳುತ್ತಾರೆ. ಹೀಗೆ ಪ್ರಚಾರದ ಖರ್ಚೇ ಇಲ್ಲದೆ ಊರಿಂದೂರಿಗೆ ಹಬ್ಬುವ ಇನ್ನೊಂದು ಯೋಜನೆಯನ್ನು ನಾನು ಕಂಡಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ ದೋಣಿಗಳ ಅನುಕೂಲಕ್ಕೆಂದು ಅಲೆತಡೆಗೋಡೆಗಳನ್ನು ಕಟ್ಟಿದ್ದಾಯಿತು, ಮರಳಿನ ಸಂಚಾರ ಏರುಪೇರಾಗಿ ತೆಂಕಣ ಉಳ್ಳಾಲ ಸವೆಯಿತು. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಸಾಲ ಮಂಜೂರು ಮಾಡಿದ ಯೋಜನೆಯ ಹೆಸರಿನಲ್ಲಿಯೇ ‘ಸುಸ್ಥಿರ’ ಎಂಬ ಪದವಿತ್ತು. ಅದರಡಿಯಲ್ಲಿ ಉಳ್ಳಾಲದ ಕಡಲೊಳಗೆ ಕೃತಕ ದಿಬ್ಬಗಳನ್ನು ಮುಳುಗಿಸಲಾಯಿತು. ಕಡಲು ಈ ಏರ್ಪಾಡನ್ನು ಗೌರವಿಸಿ ಇನ್ನಷ್ಟು ತೆಂಕಣಕ್ಕೆ ಸರಿದು ಸೋಮೇಶ್ವರ ಉಚ್ಚಿಲದಲ್ಲಿ ತನ್ನ ಕೆಲಸ ಮುಂದುವರಿಸಿತು. ಸುಸ್ಥಿರವೆಂದರೆ ನಿಲ್ಲದೆ ನಡೆಯುವುದು ಎಂದು ಅದು ಅರ್ಥಮಾಡಿಕೊಂಡಿದ್ದರೆ ನಿಘಂಟಿನ ಪ್ರಕಾರ ತಪ್ಪೇನೂ ಇಲ್ಲ.

ಕಾನೂನು ಇಲ್ಲವೇ ಎಂದರೆ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಿಂದ ಇದೆ. 2011ರಲ್ಲಿ ಹೊಸತಾಯಿತು, 2019ರಲ್ಲಿ ಇನ್ನೂ ಹೊಸತಾಯಿತು. ಗ್ರಾಮೀಣ ಕರಾವಳಿಯಲ್ಲಿ ಉಬ್ಬರ ರೇಖೆಯಿಂದ 200 ಮೀಟರಿನವರೆಗೆ ನಿರ್ಮಾಣ ಸಲ್ಲದು ಎಂಬುದು ಹಳೆಯ ಕಟ್ಟಳೆ. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದ ಕಡೆ 50 ಮೀಟರ್ ಸಾಕೆಂಬುದು ಹೊಸ ವಿವೇಕ. ಜನ ಹೆಚ್ಚಿದ್ದಲ್ಲಿ ಕಡಲು ಸಂಕೋಚಪಟ್ಟುಕೊಳ್ಳುತ್ತದೆಯೇನೋ. ಕರಾವಳಿ ನಿರ್ವಹಣಾ ಯೋಜನೆಯ ನಕಾಶೆಯ ಪ್ರಮಾಣ 1:25,000 ಆದ್ದರಿಂದ ಈ 50 ಮೀಟರ್ ಅಲ್ಲಿ ಸರಿಯಾಗಿ ಎರಡು ಮಿಲಿಮೀಟರ್. ಕಚೇರಿಯ ಪೆನ್ನಿನ ಗೆರೆ ಸ್ವಲ್ಪ ದಪ್ಪವಾದರೆ ಒಂದು ಸಾಲು ಮನೆ ನೀರಿಗೆ ಬಿದ್ದಂತೆಯೇ ಸರಿ.

ಸ್ಥಳೀಯರ ಸಹಭಾಗಿತ್ವವನ್ನು ಸರ್ಕಾರ ಮರೆತಿದೆಯೆನ್ನುವುದು ಮಾತ್ರ ಅಪಪ್ರಚಾರ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಇರಬೇಕೆಂದು ಅಧಿಸೂಚನೆಯೇ ಹೇಳುತ್ತದೆ. ‘ಕನಿಷ್ಠ’ ಎಂಬ ಪದವನ್ನು ಗರಿಷ್ಠವೆಂದು ಓದುವ ಅಭ್ಯಾಸ ಆಡಳಿತಕ್ಕೆ ಮೊದಲಿನಿಂದಲೂ ಇದೆ. ಯಾವ ದಿಕ್ಕಿನ ಗಾಳಿಗೆ ಯಾವ ಮೂಲೆಯ ಮರಳು ಹೋಗುತ್ತದೆ, ಮಳೆಗಾಲ ಕಳೆದ ಮೇಲೆ ಅದರಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದು ಕೈರಂಪಣಿ ಬಲೆ ಎಳೆಯುವವರಿಗೆ ಬಾಯಿಪಾಠ. ಕೈರಂಪಣಿ ಎಳೆಯಲು, ನಾಡದೋಣಿ ಏರಿಸಿಡಲು ಮರಳದಂಡೆ ಬೇಕು. ಅವರನ್ನು ರಕ್ಷಿಸಲೆಂದು ದಂಡೆಯ ಮೇಲೆಯೇ ಕಲ್ಲು ಪೇರಿಸಿದ್ದರಿಂದ ಈಗ ಅವರು ಸುರಕ್ಷಿತವಾಗಿ ಮನೆಯಲ್ಲಿ ಕುಳಿತಿರಬಹುದು. ಗ್ರಾಮ ಪಂಚಾಯಿತಿ ನಿರ್ಣಯ ಮಾಡಿ ಕಳುಹಿಸಬಹುದು; ನಿರ್ಣಯ ತಾಲ್ಲೂಕು, ಜಿಲ್ಲೆ, ಬೆಂಗಳೂರುಗಳನ್ನು ದಾಟಿ ಬರುವಷ್ಟರಲ್ಲಿ ಅದರಲ್ಲಿ ನಮೂದಾದ ಸರ್ವೆ ನಂಬರು ನೀರೊಳಗಿರುತ್ತದೆ. ಆ ಜಾಗ ತನ್ನದಾಗಿತ್ತೆಂದು ಸಾಬೀತುಪಡಿಸಲು ಮನೆ ಕಳೆದುಕೊಂಡವನು ಪಹಣಿ ತರಬೇಕು, ಮನೆ ತೆರಿಗೆಯ ರಸೀದಿ ತರಬೇಕು, ಸ್ಥಳ ಪರಿಶೀಲನೆಗೆ ಬಂದವರಿಗೆ ಸ್ಥಳ ತೋರಿಸಬೇಕು. ಸ್ಥಳ ನುಂಗಿದವನಿಂದ ಮಾತ್ರ ಯಾವ ದಾಖಲೆಯನ್ನೂ ಕೇಳುವುದಿಲ್ಲ.

ಯೋಜನೆಯಲ್ಲಿ ನನಗೆ ಕಾಣುವ ಕೊರತೆ ಒಂದೇ. ಸಾಮಗ್ರಿ ಪಡೆದ ಫಲಾನುಭವಿ ವಹಿಯಲ್ಲಿ ಸಹಿ ಹಾಕಬೇಕೆಂಬುದು ನಿಯಮ, ಅರಬ್ಬಿ ಸಮುದ್ರದ ಮುಂದಿರುವ ಅಂಕಣ ವರ್ಷಗಳಿಂದ ಖಾಲಿಯಿದೆ. ಲೆಕ್ಕಪರಿಶೋಧಕರು ಆಕ್ಷೇಪಿಸುವ ಮುನ್ನ ವಹಿಯನ್ನೊಮ್ಮೆ ಆಷಾಢದ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಗೋಡೆಯ ಮೇಲೆ ಬಿಚ್ಚಿಟ್ಟು ಬರುವುದು ಒಳ್ಳೆಯದು. ಸಹಿಗೆಂದು ಕಡಲು ತಾನಾಗಿಯೇ ಮೇಲಕ್ಕೆ ಬರುತ್ತದೆ.